ಬಾಯಿ ಮಾತ್ರ ಆಡಿಸಿ

ಗುಂಡಿಯಕ್ಕ ಹಾಡುತ್ತಿರಲಿಲ್ಲ. ಭಾನುವಾರ ಭಾನುವಾರ ಬಿಳಿ ನಿಲುವಂಗಿ ತೊಟ್ಟು ಚರ್ಚಿನ ಗಾಯಕರ ಸಾಲಿನಲ್ಲಿ ನಿಂತು, ಕತ್ತು ನೆಟ್ಟಗೆ ಮಾಡಿ, ಮೊದಲ ಹಾಡಿನಿಂದ ಕೊನೆಯ ಆಮೆನ್‌ವರೆಗೆ ತುಟಿ ಆಡಿಸುತ್ತಿದ್ದಳು, ಅಷ್ಟೆ. ಗಂಟಲಿನಿಂದ ಒಂದು ಎಳೆ ಸದ್ದೂ ಹೊರಡುತ್ತಿರಲಿಲ್ಲ. ಈ ವಿಷಯ ಗೊತ್ತಿದ್ದವರು ಇಬ್ಬರೇ, ಅವಳು ಮತ್ತು ಹಾಡು ಕಲಿಸುವ ಮಾಸ್ಟರು. ದೇವರನ್ನೂ ಸೇರಿಸಿದರೆ ಮೂವರು. ಆದರೆ ದೇವರು ಈ ವಿಷಯದಲ್ಲಿ ಮಾಸ್ಟರ ಕಡೆಗೇ ಇದ್ದಾನೆ ಎಂದು ಅವಳು ನಂಬಿಕೊಂಡಿದ್ದಳು.

ಗುಂಡಿಯಕ್ಕ ಎಂಬುದು ಕೆಲಸದಿಂದ ಅಂಟಿಕೊಂಡ ಹೆಸರು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಗಾರ್ಮೆಂಟ್ಸ್‌ನಲ್ಲಿ ಅವಳದು ಕೊನೆಯ ಮೇಜು. ಬಟ್ಟೆ ಕತ್ತರಿಸುವವರು, ಕಾಲರ್ ಕೂಡಿಸುವವರು, ತೋಳು ಹಚ್ಚುವವರು, ಎಲ್ಲರ ಕೈ ದಾಟಿ ಬಂದ ಅಂಗಿಗೆ ಕಾಜಾ ತೆಗೆದು ಗುಂಡಿ ಹಚ್ಚಿ ಇಸ್ತ್ರಿಯವರ ಕಡೆ ತಳ್ಳುವುದು ಅವಳ ಪಾಲಿನ ಕೆಲಸ. ಅಂಗಿ ಚೆನ್ನಾಗಿದ್ದರೆ ಜನ ಬಟ್ಟೆಯನ್ನು ಹೊಗಳುತ್ತಾರೆ, ಹೊಲಿಗೆಯನ್ನು ಹೊಗಳುತ್ತಾರೆ. ಆಹಾ, ಗುಂಡಿ ಎಷ್ಟು ಚೆನ್ನಾಗಿ ಹಚ್ಚಿದ್ದಾರೆ ನೋಡಿ ಎಂದು ಯಾವ ತಾಯಿಯೂ ಈವರೆಗೆ ಹೇಳಿದ್ದಿಲ್ಲ. ಯಾರ ಕಣ್ಣಿಗೂ ಬೀಳದೆ ಇರುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಹಾಗಾಗಿ, ಗಾಯಕರ ಸಾಲಿಗೆ ಜನ ಬೇಕು ಎಂದು ಚರ್ಚಿನಲ್ಲಿ ಕೇಳಿದಾಗ ಕೈಯೆತ್ತಿದವಳು ತಾನೇ ಎಂಬುದನ್ನು ನಂಬಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮಾಸ್ಟರು ತಾಳ್ಮೆಯಿಂದಲೇ ಕಲಿಸಿದರು. ಹಾರ್ಮೋನಿಯಂ ಒಂದು ದಿಕ್ಕಿಗೆ ಹೋದರೆ ಅವಳ ದನಿ ಇನ್ನೊಂದು ದಿಕ್ಕಿಗೆ ಹೋಗುತ್ತಿತ್ತು. ಅಕ್ಕಪಕ್ಕದವರನ್ನೂ ಕೈಹಿಡಿದು ತನ್ನ ಜೊತೆಗೇ ಎಳೆದೊಯ್ಯುತ್ತಿತ್ತು. ಕೊನೆಗೊಂದು ಸಂಜೆ ಅಭ್ಯಾಸ ಮುಗಿದ ಮೇಲೆ ಅವರು ಅವಳನ್ನು ಪಕ್ಕಕ್ಕೆ ಕರೆದರು.

"ತಪ್ಪು ತಿಳ್ಕೋಬೇಡೀಮ್ಮ. ನಿಮ್ಮ ಶ್ರದ್ಧೆ ದೊಡ್ಡದು, ಇಲ್ಲ ಅನ್ನಲ್ಲ. ಆದ್ರೆ ಸ್ವರ ಕೂಡ್ತಾ ಇಲ್ಲ. ಸಾಲು ತುಂಬಿ ಕಾಣ್ಬೇಕು, ನೀವು ನಿಂತಿರಿ. ಬಾಯಿ ಮಾತ್ರ ಆಡಿಸಿ. ಚೆನ್ನಾಗಿ ಅಗಲಿಸಿ ಆಡಿಸಿ, ಯಾರಿಗೂ ಗೊತ್ತಾಗಲ್ಲ."

"ಆಗ್ಲಿ ಮಾಸ್ಟರೇ," ಎಂದು ಅವಳು ನಕ್ಕಳು. ಆಮೇಲೆ ಚರ್ಚಿನ ಹಿಂದಿದ್ದ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದಳು. ಎಷ್ಟು ಒರೆಸಿದರೂ ಮುಖ ಮತ್ತೆ ಮತ್ತೆ ಒದ್ದೆಯಾಗುತ್ತಲೇ ಇತ್ತು.

ಮಾಸ್ಟರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ವಾಸಿಯಿತ್ತು, ನಾಲ್ಕು ಮಾತು ಬೈದುಕೊಂಡು ಮನೆಯಲ್ಲಿ ಕೂರಬಹುದಿತ್ತು. ಅವರು ಸಾಧುವಾಗಿ ಹೇಳಿದ್ದರಿಂದ ಅದು ನಿಜವೇ ಇರಬೇಕು ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಹಾಡಿಗೆಂದು ಹೇಳಿದ ಮಾತು ಬರಬರುತ್ತಾ ಪ್ರಾರ್ಥನೆಗೂ ಹಬ್ಬಿತು. ಮನೆಯಲ್ಲಿ ಮೊಣಕಾಲೂರಿದರೂ ಒಂದಿಷ್ಟು ತುಟಿ ಆಡಿಸಿ ಎದ್ದುಬಿಡುತ್ತಿದ್ದಳು. ಚೆನ್ನಾಗಿ ಪ್ರಾರ್ಥಿಸುವವರು ದೇವರಿಗೆ ಬೇಕಾದಷ್ಟು ಜನ ಇದ್ದಾರೆ, ನಡುವೆ ತನ್ನದೊಂದು ಕರಕರೆ ಯಾಕೆ? ಸಾಲು ತುಂಬಿ ಕಂಡರೆ ಅವನಿಗೂ ಸಾಕು. ಆ ಬಿಳಿ ನಿಲುವಂಗಿಯೊಂದು ಇದೆ, ಅದು ಮೈಮೇಲಿರುವಷ್ಟು ದಿನ ದೇವರ ಮನೆಯಲ್ಲಿ ತನಗೆ ನಿಲ್ಲಲು ಜಾಗವಿದೆ, ಅದು ಹೋದ ದಿನ ತಾನು ಯಾರೂ ಅಲ್ಲ. ಹೆಂಗಸು ದಡ್ಡಿಯೇನಲ್ಲ. ಆದರೂ ಇಂಥದ್ದನ್ನು ವರ್ಷಗಟ್ಟಲೆ ನಂಬಿಕೊಂಡು ಬಂದಳು.

ಇನ್ನು ಅವಳ ಗಂಡ. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು, ಮಾತಿನ ಮಲ್ಲ. ಪ್ರತಿ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿ ಹಾಡು ಕೇಳುವನು. ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕವರನ್ನೆಲ್ಲ ನಿಲ್ಲಿಸಿ, "ಅಷ್ಟು ಜನ ಹಾಡ್ತಾ ಇದ್ರೂ ನನ್ನ ಹೆಂಡ್ತಿ ದನಿ ಬೇರೆಯಾಗೇ ಕೇಳ್ಸುತ್ತೆ ನೋಡಿ. ಲಿಫ್ಟ್ ಸದ್ದು ಕೇಳಿದ್ರೆ ಯಾವ ಬೇರಿಂಗ್ ಸವೆದಿದೆ ಅಂತ ಹೇಳೋನು ನಾನು, ಕಟ್ಕೊಂಡವಳ ದನಿ ಗೊತ್ತಾಗಲ್ವಾ?" ಎನ್ನುವನು. ಆಗೆಲ್ಲ ಅವಳು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದಳು. ಪಾಪ, ಜನ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಗಂಡನಿಗಿಂತ ಅವಳು ಹೆದರುತ್ತಿದ್ದದ್ದು ಎಕ್ಸ್‌ಚೇಂಜ್ ಅಜ್ಜಿಗೆ. ಅಜ್ಜಿ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರಿನವರಿಗೆಲ್ಲ ಲೈನು ಕೊಡುತ್ತಿದ್ದವಳು. ಕಿವಿಯಿಂದಲೇ ಅನ್ನ ತಿಂದವಳಿಗೆ ವಯಸ್ಸಾದ ಮೇಲೆ ಎರಡೂ ಕಿವಿ ಪೂರ್ತಿ ಕೈಕೊಟ್ಟಿದ್ದವು. ಆದರೂ ಹಾಡಿನ ಹೊತ್ತಿಗೆ ಮೊದಲ ಬೆಂಚಿನಲ್ಲಿ ನಿಂತು, ಎಲ್ಲರಿಗಿಂತ ಅರ್ಧ ಪದ ಹಿಂದೆ, ಗಟ್ಟಿ ದನಿಯಲ್ಲಿ ಹಾಡುವಳು. ಹಳೆಯ ಹಾಡುಗಳು, ಬಾಯಿಪಾಠ ಇರಬೇಕು ಎಂದು ಜನ ಸುಮ್ಮನಿದ್ದರು. ಮಕ್ಕಳು ಅವಳಿಗೆ ಲೇಟ್ ಬಸ್ಸು ಎಂದು ಹೆಸರಿಟ್ಟಿದ್ದರು. ಗುಂಡಿಯಕ್ಕನ ಕಷ್ಟ ಬೇರೆ. ಹಾಡುವಾಗ ಅಜ್ಜಿ ಅವಳ ಮುಖವನ್ನೇ ನುಂಗುವ ಹಾಗೆ ನೋಡುತ್ತಿದ್ದಳು. ಒಮ್ಮೆ ಇವಳು ಉಪಾಯವಾಗಿ ಸಾಲಿನ ಆ ತುದಿಗೆ ಹೋಗಿ ನಿಂತರೆ, ಮುಂದಿನ ವಾರ ಅಜ್ಜಿಯೂ ಬೆಂಚಿನ ಆ ತುದಿಗೆ ಬಂದು ಕೂತಳು. ಕಿವಿ ಹೋದವರಿಗೆ ಕಣ್ಣು ಚುರುಕು, ಗಂಟಲ ನರ ಅಲುಗಾಡದ್ದು ಕಂಡುಬಿಟ್ಟಿದೆ, ಒಂದಲ್ಲ ಒಂದು ದಿನ ಎಲ್ಲರ ಮುಂದೆ ಬಣ್ಣ ಬಯಲು ಮಾಡುತ್ತಾಳೆ ಎಂಬುದು ಗುಂಡಿಯಕ್ಕನ ಭಯ. ಆ ಹೆದರಿಕೆಗೆ ಅವಳು ಇನ್ನೂ ಶ್ರದ್ಧೆಯಿಂದ ಬಾಯಿ ಆಡಿಸುತ್ತಿದ್ದಳು. ಕನ್ನಡಿಯ ಮುಂದೆ ನಿಂತು ಒಂದೊಂದು ಅಕ್ಷರಕ್ಕೂ ತುಟಿ ಹೇಗೆ ಹೊರಳುತ್ತದೆ ಎಂದು ನೋಡಿ ನೋಡಿ ಕಲಿತಿದ್ದಳು. ಪುಸ್ತಕ ನೋಡದೆ, ಮುಖವೆತ್ತಿ, ಪದ ಪದ ಬಿಡಿಸಿ ಆಡಿಸುವಳು.

ಬಣ್ಣ ಬಯಲು ಮಾಡಿದ್ದು ಅಜ್ಜಿಯಲ್ಲ, ಗಂಡ. ಅದೂ ಪ್ರೀತಿಯಿಂದ.

ಚರ್ಚಿನ ವಾರ್ಷಿಕೋತ್ಸವದ ದಿನ. ಜನ ಕಿಕ್ಕಿರಿದಿದ್ದರು. ಕಾಣಿಕೆಯ ಹೊತ್ತಿಗೆ ಒಬ್ಬಳೇ ನಿಂತು ಹಾಡಬೇಕಿದ್ದ ನರ್ಸಮ್ಮನಿಗೆ ಬೆಳಗ್ಗೆಯೇ ಗಂಟಲು ಕಟ್ಟಿತ್ತು. ಪಾಸ್ಟರು ಹೊಸಬರು, ಇನ್ನೂ ಹುಡುಗು ಉತ್ಸಾಹ. "ಹಾಡು ನಿಲ್ಲೋದು ಬೇಡ, ಯಾರಾದ್ರೂ ಒಬ್ಬರು ಬಂದು ಹಾಡಿ," ಎಂದು ಮೈಕಿನಲ್ಲಿ ಕರೆದರು. ಗಾಯಕರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಹಿಂದಿನ ಬೆಂಚಿನಿಂದ ಒಂದು ದನಿ ಎದ್ದಿತು.

"ನನ್ನ ಮನೆಯವಳು ಹಾಡ್ತಾಳೆ, ಪಾಸ್ಟರೇ! ಅಗೋ ಅಲ್ಲೇ ನಿಂತಿದಾಳಲ್ಲ. ಸಂಕೋಚದವಳು, ಕರೀದೆ ಬರಲ್ಲ."

ಜನ ಚಪ್ಪಾಳೆ ತಟ್ಟಿದರು. ಗುಂಡಿಯಕ್ಕ ಮಾಸ್ಟರ ಕಡೆ ನೋಡಿದಳು. ಅವರು ಹಾರ್ಮೋನಿಯಂ ಮೇಲೆ ಬಗ್ಗಿ ಇಲ್ಲದ ಧೂಳು ಒರೆಸುತ್ತಿದ್ದರು. ಗಂಟಲು ಸರಿಯಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಗಂಡ ಅಷ್ಟು ದೂರದಲ್ಲಿ ಎದ್ದು ನಿಂತು, ಮಗು ಮೊದಲ ಹೆಜ್ಜೆ ಇಡುವುದನ್ನು ನೋಡುವವನಂತೆ ಮುಖ ಅರಳಿಸಿಕೊಂಡಿದ್ದ. ಆ ಮುಖಕ್ಕೆ ಇಲ್ಲ ಎನ್ನಲು ಅವಳಿಂದಾಗಲಿಲ್ಲ. ಮೈಕಿನ ಮುಂದೆ ಹೋಗಿ ನಿಂತಳು.

ಬಂದೆ ನಾನು ಬರಿಗೈಯಲಿ, ಬಾ ಎಂದ ನಿನ್ನ ಮನೆಗೆ,
ಬೇಡವೆನ್ನದೆ ಪ್ರೀತಿ ಬಡಿಸಿದೆ, ಬಾಗಿಲಲಿ ನಿಂತ ನನಗೆ.

ಎರಡು ಸಾಲು, ಅಷ್ಟೇ. ವರ್ಷಗಳಿಂದ ಮುಚ್ಚಿಟ್ಟಿದ್ದ ದನಿ ಮೊದಲ ಪದಕ್ಕೇ ಒಡೆಯಿತು, ಎರಡನೆಯದಕ್ಕೆ ಮೇಲೆ ಹಾರಿತು, ಇಳಿಯುವ ದಾರಿ ಗೊತ್ತಾಗದೆ ಅಲ್ಲೇ ನೇತಾಡಿತು. ಮಾಸ್ಟರು ಅವಳ ಸ್ವರ ಹುಡುಕಿಕೊಂಡು ಹಾರ್ಮೋನಿಯಂ ಮೇಲೆ ಮೇಲಕ್ಕೂ ಕೆಳಕ್ಕೂ ಬೆರಳಾಡಿಸಿ, ಸೋತು, ಕೈ ತೆಗೆದರು. ಮಕ್ಕಳು ಕಿಸಕ್ಕೆಂದರು. ದೊಡ್ಡವರು ಕೆಮ್ಮಿದರು. ಆಮೇಲೆ ದೊಡ್ಡವರಿಗೂ ತಡೆಯಲಾಗಲಿಲ್ಲ. ಭೂಮಿ ಬಾಯಿಬಿಡಬಾರದೇ ಎಂದು ಅವಳು ಆ ದಿನ ಬೇಡಿಕೊಂಡಷ್ಟು ಮನಃಪೂರ್ವಕವಾಗಿ ಬೇರೆ ಯಾವುದನ್ನೂ ದೇವರಲ್ಲಿ ಬೇಡಿಕೊಂಡಿರಲಿಲ್ಲ. ಭೂಮಿ ಬಾಯಿಬಿಡಲಿಲ್ಲ. ಅವಳು ತಾನಾಗಿಯೇ ನಡೆದು ಪಕ್ಕದ ಬಾಗಿಲಿನಿಂದ ಹೊರಗೆ ಹೋಗಬೇಕಾಯಿತು.

ಮನೆಗೆ ಬಂದ ಗಂಡ ಶೂ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತ. ಅವಳು ಅಡುಗೆಮನೆಯ ಬಾಗಿಲಿಗೊರಗಿ ನಿಂತೇ ಎಲ್ಲ ಹೇಳಿದಳು. ಮಾಸ್ಟರು ಕರೆದದ್ದು, ಬಾಯಿ ಆಡಿಸಿದ್ದು, ಪ್ರತಿ ಭಾನುವಾರ ಅವನು ಹೊಗಳಿದಾಗ ಸತ್ತು ಬದುಕಿದ್ದು.

ಅವನು ಕೇಳಿದ, "ಹಾಗಾದ್ರೆ ನಾನು ಇಷ್ಟು ವರ್ಷ ಕೇಳ್ಸಿಕೊಂಡಿದ್ದು ಯಾರ ದನೀನೇ?"

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ದಿನ ನಗು ಬರಲಿಲ್ಲ. "ನಂಗೆ ಯಾಕೆ ಹೇಳ್ಲಿಲ್ಲ?" ಎಂದ. "ನಾಚಿಕೆ ಆಯ್ತು ರೀ," ಎಂದಳು. "ಊರವರ ಮುಂದೆ ನನ್ನ ಮುಖ ಏನಾಯ್ತು ಗೊತ್ತಾ?" ಎಂದು ಎದ್ದು ಹೊರಗೆ ಹೋದ. ಕೋಪದ ಮಾತು, ಸಂಜೆಗೆ ಇಳಿಯುವಂಥದ್ದು. ಸಂಜೆ ಅವನೇ ಟೀ ಮಾಡಿ ತಂದು ಅವಳ ಮುಂದಿಟ್ಟ. ಆದರೆ ಅವಳಿಗೆ ಆ ಮಾತು ಇಳಿಯಲಿಲ್ಲ. ತನ್ನ ನಾಚಿಕೆ ತನ್ನೊಬ್ಬಳಿಗೇ ಎಂದುಕೊಂಡಿದ್ದಳು, ಈಗ ಅದು ಅವನಿಗೂ ಅಂಟಿತ್ತು.

ಮಾರನೆಯ ದಿನ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಕೂಡಿಸುವವಳು, ಅದೇ ಚರ್ಚಿನವಳು, ಕತ್ತರಿಯನ್ನೇ ಮೈಕಿನ ಹಾಗೆ ಹಿಡಿದು ಬಾಯಿ ಸೊಟ್ಟ ಮಾಡಿ "ಬಂದೆ ನಾನೂ..." ಎಂದು ಎಳೆದಳು. ಯಂತ್ರಗಳ ಸದ್ದನ್ನೂ ಮೀರಿ ನಗು ಎದ್ದಿತು. "ಸುಮ್ನೆ ತಮಾಷೆಗೆ ಅಕ್ಕಾ, ಬೇಜಾರು ಮಾಡ್ಕೋಬೇಡಿ," ಎಂದಳು ಆಮೇಲೆ. ಗುಂಡಿಯಕ್ಕ ತಾನೂ ನಕ್ಕಳು. ಆ ದಿನ ಅವಳು ಹಚ್ಚಿದ ಗುಂಡಿಗಳು ಕಾಜಾಗಳಿಗೆ ಸರಿಹೊಂದದೆ ಒಂದು ಕಟ್ಟು ಅಂಗಿ ಪೂರ್ತಿ ವಾಪಸ್ಸು ಬಂತು. ಹಾಗೆ ವಾಪಸ್ಸು ಬಂದದ್ದು ಅವಳಿಗೆ ನೆನಪಿರುವ ಹಾಗೆ ಅದೇ ಮೊದಲು. ಕೂತು ಒಂದೊಂದೇ ಬಿಚ್ಚುತ್ತಾ ತೀರ್ಮಾನ ಮಾಡಿದಳು. ನಿಲುವಂಗಿಯನ್ನು ಚರ್ಚಿಗೆ ಕೊಟ್ಟುಬಿಡಬೇಕು, ಇನ್ನು ಆ ಕಡೆ ತಲೆಹಾಕಬಾರದು. ಮನೆಯಲ್ಲಿ ಕೂತರೂ ದೇವರಿಗೆ ನಷ್ಟವೇನಿಲ್ಲ.

ನಿಲುವಂಗಿಯನ್ನು ಒಗೆದು, ಇಸ್ತ್ರಿ ಮಾಡಿ, ಸಡಿಲಾಗಿದ್ದ ಕತ್ತಿನ ಗುಂಡಿಯನ್ನು ಮತ್ತೆ ಬಿಗಿ ಮಾಡಿ, ಯಾರೂ ಇರದ ಮಧ್ಯಾಹ್ನ ನೋಡಿಕೊಂಡು ಚರ್ಚಿಗೆ ಹೋದಳು. ಗಾಯಕರ ಬೆಂಚಿನ ಮೇಲೆ ಇಟ್ಟು ಸದ್ದಿಲ್ಲದೆ ಬಂದುಬಿಡುವುದು ಅವಳ ಯೋಚನೆ. ಬಾಗಿಲು ತೆರೆದೇ ಇತ್ತು. ಒಳಗೆ ಮೊದಲ ಬೆಂಚಿನಲ್ಲಿ ಎಕ್ಸ್‌ಚೇಂಜ್ ಅಜ್ಜಿ ಒಬ್ಬಳೇ ಕೂತಿದ್ದಳು. ಗುಂಡಿಯಕ್ಕ ಹಿಂದಿರುಗಬೇಕೆನ್ನುವಷ್ಟರಲ್ಲಿ ಅಜ್ಜಿ ತಿರುಗಿ ನೋಡಿ, ಕಿವಿ ಕೇಳದವರ ದೊಡ್ಡ ದನಿಯಲ್ಲಿ ಕರೆದಳು.

"ಬಾ ಬಾ, ಇಲ್ಲಿ ಕೂತ್ಕೋ. ನಾನು ದಿನಾ ಬರ್ತೀನಿ. ಇಲ್ಲಾದ್ರೆ ಯಾರೂ ನನ್ನ ಕಿವೀಲಿ ಕಿರುಚಲ್ಲ ನೋಡು." ಅವಳ ಕಣ್ಣು ನಿಲುವಂಗಿಯ ಮೇಲೆ ಬಿತ್ತು. "ಅದ್ಯಾಕೆ ತಂದೆ?"

"ವಾಪಸ್ ಕೊಡೋಕೆ ಅಜ್ಜಿ. ಇನ್ನು ನಾನು ಹಾಡಲ್ಲ."

ಅಜ್ಜಿ ಅವಳ ತುಟಿಗಳನ್ನೇ ನೋಡುತ್ತಿದ್ದಳು. ಮಾತು ಮುಗಿಯುತ್ತಲೇ ಮುಖ ಕಳೆಗುಂದಿತು. "ನೀನು ಹಾಡೋದು ಬಿಟ್ರೆ ನಾನು ಹೇಗೆ ಹಾಡ್ಲಿ?"

ಗುಂಡಿಯಕ್ಕನಿಗೆ ಅರ್ಥವಾಗಲಿಲ್ಲ.

"ಕಿವಿ ಹೋದ ಮೇಲೆ ಹಾಡು ಎಲ್ಲಿಗೆ ಬಂತು, ಯಾವ ಸಾಲು ಅಂತ ಏನೂ ಗೊತ್ತಾಗ್ತಿರಲಿಲ್ಲ. ಸುಮ್ನೆ ಕಂಬದ ಹಾಗೆ ನಿಂತಿರ್ತಿದ್ದೆ. ಬೇರೆಯವರೆಲ್ಲ ಪುಸ್ತಕದೊಳಗೆ ಮುಖ ಹಾಕ್ಕೊಂಡು ಬಾಯೊಳಗೇ ಗೊಣಗ್ತಾರೆ. ನೀನೊಬ್ಬಳು ಮುಖ ಎತ್ತಿ, ಅಕ್ಷರ ಅಕ್ಷರ ಬಿಡಿಸಿ ಹಾಡ್ತೀಯ. ನಿನ್ನ ಬಾಯಿ ನೋಡ್ಕೊಂಡೇ ನಾನು ಹಾಡೋದು, ಇಷ್ಟು ವರ್ಷದಿಂದ. ನೀನು ಆ ಕಡೆ ನಿಂತ್ರೆ ಆ ಕಡೆ ಕೂತ್ಕೋತೀನಿ, ಈ ಕಡೆ ನಿಂತ್ರೆ ಈ ಕಡೆ." ಅಜ್ಜಿ ಅವಳ ಕೈ ಹಿಡಿದುಕೊಂಡಳು. "ಮೊನ್ನೆ ಒಬ್ಬಳೇ ಹಾಡಿದ್ಯಲ್ಲ, ಎಷ್ಟು ಖುಷಿ ಆಯ್ತು ಗೊತ್ತಾ? ಎಲ್ಲರೂ ನಗ್ತಾ ನಗ್ತಾ ಕೇಳ್ತಿದ್ರು. ಅಷ್ಟು ಚೆನ್ನಾಗಿತ್ತು ಅನ್ಕೊಂಡೆ."

ಎಲ್ಲರ ನಗೆಗಿಂತ ಈ ಹೊಗಳಿಕೆ ಅವಳನ್ನು ಹೆಚ್ಚು ಸುಟ್ಟಿತು. ಇಷ್ಟು ವರ್ಷ ಈ ಮುದುಕಿಯನ್ನು ಪೊಲೀಸು ಎಂದುಕೊಂಡು ತಪ್ಪಿಸಿಕೊಂಡು ತಿರುಗಿದ್ದಳು. ಈಗ ಅವಳ ಕೈಯೊಳಗೆ ತನ್ನ ಕೈ ಇಟ್ಟು ಕೂತಿರಲು ನಾಚಿಕೆಯಾಯಿತು.

"ಈಗ ಒಂದ್ಸಲ ಹೇಳು, ಅದೇ ಹಾಡು," ಎಂದಳು ಅಜ್ಜಿ. "ಅದರಲ್ಲಿ ಬರೀ ಬಾ ಬೇ ಬಾ. ತುಟಿ ಮೇಲೆ ಚೆನ್ನಾಗಿ ಕಾಣುತ್ತೆ."

ಅಷ್ಟು ಮಾಡಿ ಹೊರಟುಬಿಡೋಣ ಎಂದುಕೊಂಡು ಗುಂಡಿಯಕ್ಕ ಅಭ್ಯಾಸ ಬಲದಿಂದ ತುಟಿ ಆಡಿಸಿದಳು. ಅಜ್ಜಿ ಜೊತೆಗೆ ಹಾಡುತ್ತಾ, ಸಲಿಗೆಯಿಂದ ಅಂಗೈಯನ್ನು ಅವಳ ಗಂಟಲಿನ ಮೇಲಿಟ್ಟಳು. ಒಂದು ಸಾಲು ಮುಗಿಯುವುದರೊಳಗೆ ಅಜ್ಜಿಯ ಹಾಡು ನಿಂತಿತು.

"ಇದೇನೇ, ಗಂಟಲು ಅದುರ್ತಾನೇ ಇಲ್ಲ? ನನ್ನ ಮೊಮ್ಮಗಳು ಮೆಲ್ಲಗೆ ಗುನುಗಿದ್ರೂ ಕೈಗೆ ಗೊತ್ತಾಗುತ್ತೆ. ಕಿವುಡಿ ಅಂತ ಮೋಸ ಮಾಡ್ತೀಯಾ?"

ಇನ್ನು ಮುಚ್ಚಿಡಲು ಏನು ಉಳಿದಿತ್ತು? ಗುಂಡಿಯಕ್ಕ ಅವಳ ಕಡೆ ಮುಖ ಮಾಡಿ, ನಿಧಾನವಾಗಿ, ಅವಳಿಗೆ ಕಾಣುವ ಹಾಗೆ ಎಲ್ಲ ಹೇಳಿದಳು. "ನಾನು ಯಾವತ್ತೂ ಹಾಡೇ ಇಲ್ಲ ಅಜ್ಜಿ. ಬರೀ ಬಾಯಿ. ನಂದು ಯಾರಿಗೂ ಬೇಡದ ದನಿ." ಹೇಳುತ್ತಾ ಹೇಳುತ್ತಾ ಅವಳ ತುಟಿ ಸೊಟ್ಟಗಾಗಿ ಕೊನೆಯ ಮಾತುಗಳನ್ನು ಅಜ್ಜಿ ಎರಡು ಸಲ ಕೇಳಬೇಕಾಯಿತು.

ಅಜ್ಜಿ ಬೈಯದೆ ಹೇಳಿದಳು, "ಹಾಗಾದ್ರೆ ಇಷ್ಟು ದಿನ ನಿನ್ನ ಹಾಡು ಕೇಳ್ಸಿಕೊಂಡವಳು ನಾನೊಬ್ಬಳೇ ಅನ್ನು."

ಗುಂಡಿಯಕ್ಕ ತಲೆಯೆತ್ತಿದಳು.

"ನನ್ನಂಥ ಕಿವುಡಿಗೇ ಕೇಳ್ಸಿದೆ. ಮೇಲಿರೋ ಅವನಿಗೆ ಕೇಳ್ಸಿರಲ್ವಾ? ನನ್ನ ದನಿ ಹೇಗಿದೆ ಅಂತ ನಂಗೇ ಗೊತ್ತಿಲ್ಲ. ಮಕ್ಕಳು ನನಗೇನೋ ಹೆಸರಿಟ್ಟಿದಾರೆ ಅನ್ನೋದು ಗೊತ್ತು, ಅವರ ಬಾಯೂ ಕಾಣುತ್ತಲ್ಲ. ಮಗ ಬೇರೆ, ಮೆತ್ತಗೆ ಹಾಡಮ್ಮ ಮೆತ್ತಗೆ ಹಾಡಮ್ಮ ಅಂತಾನೇ ಇರ್ತಾನೆ. ನಾಚಿಕೆ ಆಗುತ್ತೆ. ಯಾಕೆ ಆಗಲ್ಲ? ಆದ್ರೆ ಯಾರಿಗೆ ಅಂತ ಹಾಡ್ತೀನೋ ಅವನು ಇವತ್ತಿನವರೆಗೆ ಬೇಡ ಅಂದಿಲ್ಲ. ಅವನಿಗೆ ಬೇಕಾದ್ದು ನೀನು ಕಣೇ, ನಿನ್ನ ಸ್ವರ ಅಲ್ಲ." ಅಜ್ಜಿ ಅಂಗೈಯನ್ನು ಮತ್ತೆ ಅವಳ ಗಂಟಲಿಗೆ ತಂದಳು. "ಈಗ ದನಿ ಕೊಡು. ತುಟಿ ನಾನು ನೋಡಾಯ್ತು."

ಗುಂಡಿಯಕ್ಕ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಶುರುಮಾಡಿದಳು. ದನಿ ಮೊದಲು ಕರಕರ ಎಂದಿತು, ಆಮೇಲೆ ತನಗೆ ಬೇಕಾದ ದಾರಿ ಹಿಡಿಯಿತು. ಅಜ್ಜಿ ಅರ್ಧ ಪದ ಹಿಂದಿನಿಂದ ಕೂಡಿಕೊಂಡಳು. ಖಾಲಿ ಚರ್ಚಿನಲ್ಲಿ ಆ ಎರಡು ದನಿಗಳು ಕೂಡಿದ್ದನ್ನು ಸಂಗೀತ ಎನ್ನಲು ನನಗೆ ಧೈರ್ಯವಿಲ್ಲ. ಅಜ್ಜಿ ಮಾತ್ರ, "ಹಾಂ, ಬಂತು, ಕೈಗೆ ಬಂತು!" ಎಂದು ಕೂಗಿದಳು.

ಎರಡನೇ ಸಾಲಿನ ನಡುವೆ ಗುಂಡಿಯಕ್ಕನ ಕಣ್ಣು ಪಕ್ಕದ ಬಾಗಿಲಿಗೆ ಹೋಯಿತು. ಅಲ್ಲಿ ಕೈಯಲ್ಲಿ ಬೀಗದ ಕೀ ಹಿಡಿದು ಮಾಸ್ಟರು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಅವಳ ಬಾಯಿ ಹಾಗೇ ಮುಚ್ಚಿಕೊಂಡಿತು. ಮೊನ್ನೆಯ ನಾಚಿಕೆಯ ಬಿಸಿ ಮತ್ತೆ ಕಿವಿಯಿಂದ ಕುತ್ತಿಗೆಗಿಳಿಯಿತು.

ಅಜ್ಜಿಗೆ ಮಾಸ್ಟರು ಕಾಣಲಿಲ್ಲ, ಅವಳ ಕಣ್ಣಿದ್ದದ್ದು ಆ ತುಟಿಗಳ ಮೇಲೆ. ತುಟಿ ನಿಂತದ್ದರಿಂದ ಅವಳ ಹಾಡೂ ತಡವರಿಸಿತು. ಮುಂದಿನ ಪದ ಸಿಗದೆ ಬಾಯಿ ತೆರೆದುಕೊಂಡೇ ಕಾಯುತ್ತಾ ಕೂತಳು, ಅಂಗೈ ಗಂಟಲಿನ ಮೇಲೆಯೇ ಇತ್ತು. ಒಂದು ಕಡೆ ಮಾಸ್ಟರು, ಒಂದು ಕಡೆ ಈ ತೆರೆದ ಬಾಯಿ. ಗುಂಡಿಯಕ್ಕನಿಗೆ ನಾಚಿಕೆ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಎದ್ದು ಓಡಬೇಕೆನಿಸುತ್ತಿತ್ತು. ಆದರೆ ಓಡಿದರೆ ಅಜ್ಜಿ ಆ ಪದಕ್ಕಾಗಿ ಕಾಯುತ್ತಲೇ ಇರುತ್ತಾಳೆ.

"ಬಾಗಿಲಲಿ ನಿಂತ ನನಗೆ," ಎಂದು ಅವಳು ದನಿಯೆತ್ತಿ ಹಾಡಿದಳು. ಸ್ವರ ಮತ್ತೆ ತಪ್ಪಿತು. ತಪ್ಪಿದ್ದು ಅವಳಿಗೂ ಕೇಳಿಸಿತು, ಮಾಸ್ಟರಿಗೂ ಕೇಳಿಸಿತು. ಅಜ್ಜಿ ಆ ಪದ ಹಿಡಿದುಕೊಂಡು ಹಿಂದೆಯೇ ಬಂದಳು.

ಮಾಸ್ಟರು ಕೀಯನ್ನು ಜೇಬಿಗೆ ಹಾಕಿಕೊಂಡು, ಹತ್ತಿರದ ಬೆಂಚಿನ ತುದಿಯಲ್ಲಿ ಕೂತು ತಲೆ ತಗ್ಗಿಸಿದರು. ಗುಂಡಿಯಕ್ಕ ಅವರನ್ನು ನೋಡಿದಳು, ಅಜ್ಜಿಯ ಕಡೆ ಮುಖ ತಿರುಗಿಸಿದಳು, ಎರಡನೇ ಚರಣ ಎತ್ತಿಕೊಂಡಳು.